ಕಹಿ ಅನ್ನದ ಗ್ಯಾಂಗು

ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ, ಹೊಗೆಸೊಪ್ಪಿನ ಎಲೆಯಿಂದ ದಂಟು ಬಿಡಿಸಿ ಪೆಟ್ಟಿಗೆಗೆ ತುಂಬುವ ಒಂದು ಕಾರ್ಖಾನೆ. ಅದರ ಹಿಂಬದಿಯಲ್ಲಿ ಎತ್ತರದ ತಗಡಿನ ಕೋಣೆ. ಯಂತ್ರಗಳಲ್ಲಿ ಏಳುವ ಧೂಳೆಲ್ಲ ದೊಡ್ಡ ದೊಡ್ಡ ಕೊಳವೆಗಳಲ್ಲಿ ಬಂದು ಬೀಳುವುದು ಅಲ್ಲಿಗೇ. ಕಾಗದದ ಮೇಲೆ ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಹೆಸರಿದೆ. ಕೆಲಸದವರ ಬಾಯಲ್ಲಿ ಅದು ಧೂಳುಮನೆ. ಆ ಧೂಳನ್ನು ಬಳಿದು ಚೀಲಕ್ಕೆ ತುಂಬಿ ಹೊರಗೆ ಸಾಗಿಸುವ ಗ್ಯಾಂಗಿಗೆ ವೀರನಹೊಸಹಳ್ಳಿಯ ಚಿಕ್ಕಬಸಪ್ಪ ಮೇಸ್ತ್ರಿ.

ಮೀಸೆ ಹುಟ್ಟುವ ವಯಸ್ಸಿಗೆ ಆ ಕೋಣೆಯೊಳಗೆ ಕಾಲಿಟ್ಟವನು, ಈಗ ಮೀಸೆ ಬೆಳ್ಳಗಾಗಿದೆ. ಮಾತು ಕಡಿಮೆ. ಯಾರು ಯಾವ ವರ್ಷ ಸೇರಿದರು, ಯಾರ ಊರು ಯಾವುದು, ಯಾರ ಮದುವೆಗೆ ಗ್ಯಾಂಗಿನವರೆಲ್ಲ ಲಾರಿ ಹತ್ತಿ ಹೋಗಿದ್ದರು, ಎಲ್ಲ ಅವನಿಗೆ ನೆನಪು. ಧೂಳುಮನೆಗೆ ಒಂದು ಪದ್ಧತಿ ಇತ್ತು. ಅದನ್ನು ಕಾಪಾಡಿಕೊಂಡು ಬಂದವನೂ ಅವನೇ. ಹೊಸದಾಗಿ ಸೇರಿದವನಿಗೆ ಮೊದಲ ದಿನ ಊಟಕ್ಕೆ ಮುಂಚೆ ಕೈ ತೊಳೆಯಲು ಬಿಡುತ್ತಿರಲಿಲ್ಲ. ಧೂಳು ಮೆತ್ತಿದ ಕೈಯಲ್ಲೇ ಮುದ್ದೆ ಮುರಿಯಬೇಕು. ಉಳಿದವರೆಲ್ಲ ಸುತ್ತ ಕೂತು ಅವನ ಮುಖ ನೋಡುತ್ತಿರಬೇಕು. ಹೊಗೆಸೊಪ್ಪಿನ ಕಹಿ ನಾಲಗೆಗೆ ಮುಟ್ಟಿದರೆ ಗಂಟಲವರೆಗೆ ಎಳೆಯುತ್ತದೆ. ಆದರೂ ಉಸಿರೆತ್ತದೆ ಉಂಡು ಮುಗಿಸಿದವನು ಗ್ಯಾಂಗಿಗೆ ಸೇರಿದ ಹಾಗೆ. ಕಹಿ ಅಂದರೆ ಮುಗಿಯಿತು, ಹೆಸರಿನ ಹಿಂದೆ ಬೆಲ್ಲ ಅಂಟಿಕೊಳ್ಳುತ್ತಿತ್ತು. ಮಾದೇವ ಎನ್ನುವವನು ಎಂದೋ ಒಂದು ದಿನ ಬಾಯಿತಪ್ಪಿ ಕಹಿ ಅಂದಿದ್ದಕ್ಕೆ, ಮೊಮ್ಮಕ್ಕಳು ಬಂದ ಮೇಲೂ ಬೆಲ್ಲದ ಮಾದೇವನಾಗಿಯೇ ಉಳಿದಿದ್ದ.

ಈ ವರ್ಷ ಕಾರ್ಖಾನೆಗೆ ಹೊಸ ಕಟ್ಟುನಿಟ್ಟು ಬಂತು. ಧೂಳುಮನೆಗೆ ಇಳಿಯುವವರು ಬಾಯಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು, ರಬ್ಬರಿನ ಮಾಸ್ಕ್ ಹಾಕಬೇಕು. ಹಾಕಿದರೂ ಸಾಲದು, ಅದು ಅವರವರ ಮುಖಕ್ಕೆ ಸರಿಯಾಗಿ ಕೂರುತ್ತದೋ ಇಲ್ಲವೋ ಎಂದು ಪರೀಕ್ಷೆ ಆಗಬೇಕು. ಪರೀಕ್ಷೆ ಆಗದವರು ಧೂಳುಮನೆಯ ಬಾಗಿಲು ದಾಟುವಂತಿಲ್ಲ. ಅದಕ್ಕಾಗಿ ಮೈಸೂರಿನ ಕಂಪನಿಯೊಂದರಿಂದ ಒಬ್ಬರು ಬರುತ್ತಾರೆ ಎಂದು ಗೊತ್ತಾಯಿತು. ಬರುವವಳು ಚಿಕ್ಕಬಸಪ್ಪನ ಮಗಳು ಮಧುಶ್ರೀ ಎಂದು ಗೊತ್ತಾದ ದಿನ ಅವನು ಯಾರಿಗೂ ಏನೂ ಹೇಳಲಿಲ್ಲ. ಚೀಲ ಹೊಲಿಯುವ ಜಾಗದಿಂದ ಕ್ಯಾಂಟೀನಿನವರೆಗೆ ಸುಮ್ಮನೆ ಒಂದು ಸುತ್ತು ನಡೆದು ಬಂದ. ಅಷ್ಟರಲ್ಲಿ ಎಲ್ಲರಿಗೂ ತಿಳಿದಿತ್ತು.

ಮಗಳು ಮೈಸೂರಿನಲ್ಲಿ ಸುರಕ್ಷತೆಯ ಕೋರ್ಸ್ ಓದಿದವಳು. ಕೆಲಸಕ್ಕೆ ಸೇರಿದ ಮೇಲೆ ಒಬ್ಬಳೇ ನಿಂತು ಪರೀಕ್ಷೆ ನಡೆಸುವುದು ಇದೇ ಮೊದಲು. ಮುಂಚಿತವಾಗಿಯೇ ಹೇಳಿಕಳಿಸಿದ್ದಳು: ಮಾಸ್ಕಿನ ಅಂಚು ಚರ್ಮಕ್ಕೆ ಅಂಟಬೇಕು, ಎಲ್ಲರೂ ಗಡ್ಡ ತೆಗೆಸಿಕೊಂಡು ಬರಬೇಕು, ಮೀಸೆ ಇದ್ದರೆ ಮಾಸ್ಕಿನ ಒಳಗೇ ಇರುವಷ್ಟಿರಲಿ. ಹಿಂದಿನ ಸಂಜೆ ಗ್ಯಾಂಗಿಗೆ ಗ್ಯಾಂಗೇ ಹುಣಸೂರಿನ ಬಸ್ ಸ್ಟ್ಯಾಂಡ್ ಪಕ್ಕದ ಕಟಿಂಗ್ ಶಾಪಿನ ಮುಂದೆ ಸಾಲುಗಟ್ಟಿತ್ತು. ಬೆಳಿಗ್ಗೆ ಗೇಟಿನಲ್ಲಿ ಒಬ್ಬರ ಮುಖ ಒಬ್ಬರಿಗೆ ಗುರುತು ಹತ್ತದೆ ನಕ್ಕಿದ್ದೇ ನಕ್ಕಿದ್ದು. ಕೋಟೆ ತಾಲೂಕಿನ ಕಡೆಯ ಕಾಂತರಾಜುವಿಗೆ ಗ್ಯಾಂಗಿನಲ್ಲೇ ಬಾಯಿ ಜಾಸ್ತಿ. ಗದ್ದ ಸವರಿಕೊಳ್ಳುತ್ತ ಬಂದ.

"ಅಣ್ಣೋ, ನಿನ್ ಮಗ್ಳು ಬರಕ್ ಮುಂಚೆನೇ ಗಡ್ಡ ಬೋಳ್ಸುದ್ಲು. ಬಂದ್ಮೇಲೆ ಏನೇನ್ ಉಳುಸ್ತಾಳೋ ಕಾಣೆ ಕಣಪ್ಪ."

ಚಿಕ್ಕಬಸಪ್ಪ ಮೀಸೆಯಲ್ಲೇ ನಕ್ಕ.

ಕ್ಯಾಂಟೀನಿನ ಪಕ್ಕದ ಹಜಾರದಲ್ಲಿ ಮೇಜು ಹಾಕಿಸಿ ಮಧುಶ್ರೀ ಸಾಮಾನು ಜೋಡಿಸಿಕೊಂಡಳು. ಮೂರು ಅಳತೆಯ ಮಾಸ್ಕುಗಳು. ಮುಂದೆ ಪಾರದರ್ಶಕ ಹಾಳೆ ಇರುವ, ತಲೆಯಿಂದ ಭುಜದವರೆಗೆ ಇಳಿಯುವ ಒಂದು ಮುಸುಕು. ಒತ್ತಿದರೆ ಹನಿಹನಿಯಾಗಿ ಎರಚುವ ರಬ್ಬರ್ ಉಂಡೆಯ ಪುಟ್ಟ ಸೀಸೆ. ಸೀಸೆಯಲ್ಲಿ ಇದ್ದದ್ದು ಕಹಿ ನೀರು. ಮೈಗೆ ಏನೂ ಮಾಡದು, ನಾಲಗೆಗೆ ಮಾತ್ರ ಬಲು ಕಹಿ. ಅವಳು ನಿಧಾನವಾಗಿ ವಿವರಿಸಿದಳು. ಮೊದಲು ಮಾಸ್ಕ್ ಇಲ್ಲದೆ ಬರೀ ಮುಸುಕು ಹಾಕಿ ಎರಚುತ್ತೇನೆ, ಕಹಿ ಗೊತ್ತಾದ ಕೂಡಲೇ ಹೇಳಬೇಕು. ಆಮೇಲೆ ಬಾಯಿ ತೊಳೆದು, ಮಾಸ್ಕ್ ಹಾಕಿ, ಅದರ ಮೇಲೆ ಮುಸುಕು ಹಾಕಿ ಮತ್ತೆ ಎರಚುತ್ತೇನೆ. ಆಗ ಕಹಿ ಬಂದರೆ ಮಾಸ್ಕ್ ಎಲ್ಲೋ ಬಿಟ್ಟುಕೊಂಡಿದೆ ಎಂದು ಅರ್ಥ.

ಅವಳು ಹೇಳಿದ್ದು ಇಷ್ಟು. ಗ್ಯಾಂಗಿನವರ ಕಿವಿಗೆ ಬಿದ್ದದ್ದು ಒಂದೇ ಮಾತು, ಕಹಿ.

ಮೊದಲು ಕೂತವನು ಕಾಂತರಾಜು. ಮುಸುಕಿನೊಳಗೆ ಹನಿ ಎರಚಿದಳು. ಗೊತ್ತಾಯಿತೇ ಎಂದು ಕೇಳಿದಳು. ಇಲ್ಲ ಅಂದ. ಮತ್ತೆ ಎರಚಿದಳು, ಇಲ್ಲ ಅಂದ. ಮುಸುಕಿನ ಹಾಳೆಯ ಹಿಂದೆ ಅವನ ಕಣ್ಣು ಕಿರಿದಾಯಿತು, ಗಂಟಲ ಉಂಡೆ ಮೇಲೆ ಕೆಳಗೆ ಆಡಿತು. ಆದರೂ ಇಲ್ಲ. ಹೊರಗೆ ಬಂದವನು ಎದೆಯುಬ್ಬಿಸಿಕೊಂಡು ಗೆಳೆಯರ ಸಾಲಿಗೆ ಹೋಗಿ ನಿಂತ. ಮುಂದಿನವನು ಪುಟ್ಟಸ್ವಾಮಿ, ಅವನೂ ಇಲ್ಲ. ಬೆಲ್ಲದ ಮಾದೇವನಂತೂ ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ, ಇದೇನ್ ಕಬ್ಬಿನ್ ಹಾಲೇನವ್ವ ಅಂದ. ಹಜಾರವೇ ನಕ್ಕಿತು. ಒಬ್ಬರ ಹಿಂದೆ ಒಬ್ಬರು ಕೂತರು, ಎದ್ದರು. ಮಾಸ್ಕಿಲ್ಲದ ಬರಿ ಮುಖಕ್ಕೆ ಅಷ್ಟು ಎರಚಿದರೂ ಆ ಗ್ಯಾಂಗಿನಲ್ಲಿ ಒಬ್ಬನಿಗೂ ಕಹಿ ಗೊತ್ತಾಗಲಿಲ್ಲ.

ಮಧುಶ್ರೀಗೆ ಸೀಸೆಯ ಮೇಲೆ ಅನುಮಾನ ಬಂತು. ತಾನೇ ಮುಸುಕು ಹಾಕಿಕೊಂಡು ಒಂದು ಸಲ ಒತ್ತಿಕೊಂಡಳು. ಮುಖ ಹಿಂಡಿ ಹೋಯಿತು. ಹೊರಗೆ ಬಂದು ನೀರು ಮುಕ್ಕಳಿಸಿದಳು. ಸಾಲಿನಲ್ಲಿದ್ದವರು ಪಾಪ ಎಂಬಂತೆ ನೋಡಿದರು. ಓದಿದ ಮಕ್ಕಳ ನಾಲಗೆ ಮೆತ್ತಗೆ ಎಂದು ಯಾರೋ ಅಂದದ್ದು ಚಿಕ್ಕಬಸಪ್ಪನಿಗೂ ಕೇಳಿಸಿತು. ಅವನ ಸರದಿ ಇನ್ನೂ ಬಂದಿರಲಿಲ್ಲ.

ಶಿಫ್ಟ್ ಮ್ಯಾನೇಜರ್ ಸೋಮಶೇಖರ್ ನಡುವೆ ಬಂದು ವಿಚಾರಿಸಿದ. ಕೆಟ್ಟವನಲ್ಲ, ಅವಸರದವನು, ಲೋಡು ಹೊರಡುವುದಿತ್ತು, ಧೂಳುಮನೆ ಬೆಳಗಿನಿಂದ ನಿಂತಿತ್ತು. ಯಾರಿಗೂ ಕಹಿ ಬರಲಿಲ್ಲ ಅಂದ ಮೇಲೆ ಎಲ್ಲರೂ ಪಾಸ್ ತಾನೆ, ಬರೆದುಕೊಟ್ಟುಬಿಡಿ ಅಂದ.

"ಬರೀ ಮುಖಕ್ಕೆ ಎರಚಿದ್ರೂ ಕಹಿ ಗೊತ್ತಾಗ್ತಿಲ್ಲ ಅಂದ್ರೆ, ಮಾಸ್ಕ್ ಹಾಕಿ ಎರಚಿ ನಾನು ಏನು ತಿಳ್ಕೊಳ್ಳಲಿ ಸಾರ್? ಇದಕ್ಕೆ ನಾನು ಸೈನ್ ಹಾಕಲ್ಲ," ಎಂದಳು ಮಧುಶ್ರೀ.

ಬರೆಯದಿದ್ದರೆ ನಾಳೆಯಿಂದ ಇವರನ್ನು ಧೂಳುಮನೆಗೆ ಬಿಡಲಾಗದು, ಅಂಗಳದಲ್ಲಿ ಪೆಟ್ಟಿಗೆ ಹೊರಲು ಹಂಚಿಹಾಕಿ, ಇಲ್ಲಿಗೆ ಏಜೆನ್ಸಿಯಿಂದ ಬೇರೆ ಗ್ಯಾಂಗು ತರಿಸಬೇಕಾಗುತ್ತದೆ ಎಂದು ಸೋಮಶೇಖರ್ ಹೇಳಿದ. ಬೆದರಿಕೆಯಾಗಿ ಹೇಳಲಿಲ್ಲ, ಇದ್ದದ್ದನ್ನು ಹೇಳಿದ. ಸಂಜೆಯವರೆಗೆ ನೋಡುತ್ತೇನೆ ಎಂದು ಹೊರಟುಹೋದ.

ಹಜಾರದಲ್ಲಿ ನಗು ನಿಂತಿತು. ಕಾಂತರಾಜು ಮೇಸ್ತ್ರಿಯ ಹತ್ತಿರ ಬಂದು ಮೆಲ್ಲಗೆ, ಮಗಳಿಗೆ ಒಂದು ಮಾತು ಹೇಳಣ್ಣ, ಎಲ್ಲರೂ ತಡೆದುಕೊಂಡು ಗೆದ್ದಿದ್ದೇವಲ್ಲ, ಬರೆದುಕೊಟ್ಟರೆ ಅವಳದೇನು ಹೋಗುತ್ತೆ ಅಂದ. ಚಿಕ್ಕಬಸಪ್ಪನೊಳಗೆ ಎರಡು ಮಾತು ಜಗ್ಗಾಡುತ್ತಿದ್ದವು. ಕೈ ಹಿಡಿದು ಕೆಲಸ ಕಲಿಸಿದ ಗ್ಯಾಂಗು ಚೆಲ್ಲಾಪಿಲ್ಲಿಯಾಗುತ್ತದೆ ಎಂಬುದು ಒಂದು. ಮ್ಯಾನೇಜರ ಮುಂದೆ ತಲೆಯೆತ್ತಿ ಆಗುವುದಿಲ್ಲ ಅಂದ ಮಗಳ ದನಿ ಇನ್ನೊಂದು. ಆ ದನಿ ಕೇಳಿದಾಗಿನಿಂದ ಅವನಿಗೆ ಒಳಗೊಳಗೇ ಏನೋ ಬಿಸಿಬಿಸಿಯಾಗಿ ಇತ್ತು. ತಾನು ಅದೇ ಮ್ಯಾನೇಜರ ಮುಂದೆ ಆ ಮಾತು ಎಂದೂ ಆಡಿದವನಲ್ಲ.

ಊಟದ ಹೊತ್ತಿಗೆ ಮಧುಶ್ರೀ ಹೊಂಗೆ ಮರದ ಕೆಳಗೆ ಡಬ್ಬಿ ಬಿಚ್ಚಿ ಕೂತಿದ್ದಳು. ಅಪ್ಪ ಬಂದು ಎದುರಿಗೆ ಕೂತ. ಮನೆಯಲ್ಲಿ ಅಪ್ಪನನ್ನು ನೀನು ಅನ್ನುತ್ತಿದ್ದವಳು ಬೆಳಗಿನಿಂದ ಎಲ್ಲರೆದುರು ನೀವು ಅನ್ನುತ್ತಿದ್ದಳು. ಈಗ ಇಬ್ಬರೇ ಇದ್ದರು.

"ನಿಂಗೂ ಗೊತ್ತಲ್ಲವ್ವ. ನಮ್ಮೋರು ಕಹಿ ಅನ್ನಕಿಲ್ಲ," ಅಂದ ಅವನು.

"ಗೊತ್ತು ಕಣಪ್ಪ. ನಾನೂ ಅಂದಿರ್ಲಿಲ್ಲ."

ಅವನಿಗೆ ಕೂಡಲೇ ನೆನಪಾಯಿತು. ಆಗ ಇನ್ನೂ ಕಾರ್ಖಾನೆಯ ಕೆಲಸದ ಜೊತೆಗೇ ತಮ್ಮ ಹೊಲದಲ್ಲೂ ಹೊಗೆಸೊಪ್ಪು ಹಾಕುತ್ತಿದ್ದರು. ಸ್ಕೂಲಿಗೆ ರಜ. ಸೊಪ್ಪು ಬೇಯಿಸುವ ಮಣ್ಣುಗೋಡೆಯ ಬ್ಯಾರನ್ನಿನ ಮುಂದೆ ಚಪ್ಪರದಡಿ ಕೂತು ಹಸಿ ಎಲೆಯನ್ನು ಕಡ್ಡಿಗೆ ಕಟ್ಟುತ್ತ ಅವ್ವನ ಜೊತೆ ಮಗುವೂ ಕೈ ಕಪ್ಪು ಮಾಡಿಕೊಂಡಿತ್ತು. ಆ ಅಂಟು ಎಷ್ಟು ತಿಕ್ಕಿದರೂ ಹೋಗುವುದಲ್ಲ. ಅನ್ನ ಕಲಸಿ ಬಾಯಿಗಿಟ್ಟ ಮಗು ಕಣ್ಣು ತುಂಬಿಕೊಂಡು ನುಂಗಿತ್ತು, ಮಾತಾಡಿರಲಿಲ್ಲ. ಬಂದುಹೋದವರಿಗೆಲ್ಲ ಅವನು ಅದನ್ನು ಹೇಳಿಕೊಂಡು ತಿರುಗಿದ್ದ.

"ಅವತ್ತು ನೀನು ಊರೋರ್ಗೆಲ್ಲ ಹೇಳ್ಕಂಡು ಮೆರೆದೆ. ಇವತ್ತು ನೀವೆಲ್ಲ ಹಂಗೇ ನುಂಗ್ಕಂಡ್ರೆ ನಾನು ಸುಳ್ಳಿಗೆ ಸೈನ್ ಹಾಕ್ಬೇಕಾಗುತ್ತೆ. ಪರೀಕ್ಷೆ ನಿಮ್ಗಲ್ಲ ಅಪ್ಪ, ಮಾಸ್ಕಿಗೆ."

ಅಷ್ಟು ಹೇಳಿ ಅವಳು ತನ್ನ ಪಾಡಿಗೆ ಊಟ ಮಾಡಿದಳು. ಬೇಡಲಿಲ್ಲ, ಅಳಲಿಲ್ಲ. ಚಿಕ್ಕಬಸಪ್ಪ ಮುದ್ದೆ ಮುರಿದವನು ಹಾಗೇ ಕೈಯಲ್ಲಿ ಹಿಡಿದು ಕೂತ. ಪರೀಕ್ಷೆ ಮಾಸ್ಕಿಗೆ ಅಂದದ್ದನ್ನು ಬಾಯಲ್ಲಿ ಒಂದೆರಡು ಸಲ ಹೊರಳಿಸಿದ. ಬ್ಯಾರನ್ನಿನ ನೆನಪು ಇನ್ನೂ ಕಣ್ಣ ಮುಂದಿತ್ತು. ಪ್ರತಿವರ್ಷ ಸೊಪ್ಪು ಬೇಯಿಸುವ ಮುಂಚೆ ಬ್ಯಾರನ್ನಿನೊಳಗೆ ಹೋಗಿ ಬಾಗಿಲು ಹಾಕಿಸಿಕೊಂಡು ಕತ್ತಲಲ್ಲಿ ನಿಲ್ಲುತ್ತಿದ್ದ. ಗೋಡೆಯಲ್ಲಿ ಎಲ್ಲಿ ಬೆಳಕು ಕಂಡಿತೋ ಅಲ್ಲಿ ಬಿರುಕು. ಹೊರಗಿನವರಿಗೆ ಕೂಗಿ ಹೇಳಿದರೆ ಅವರು ಮಣ್ಣು ಮೆತ್ತುತ್ತಿದ್ದರು. ಬೆಳಕು ಕಂಡೂ ಕಾಣಲಿಲ್ಲ ಅನ್ನುವ ಪೆದ್ದ ಯಾವನಾದರೂ ಇದ್ದಾನೆಯೇ? ಬಿಸಿಯೆಲ್ಲ ಆ ಬಿರುಕಿನಲ್ಲಿ ಹೋಗಿ ಸೊಪ್ಪು ಹಾಳಾಗುವುದು ಯಾರಿಗೆ ನಷ್ಟ?

ಬೆಳಗಿನಿಂದ ಗ್ಯಾಂಗಿಗೆ ಗ್ಯಾಂಗೇ ಮಾಡಿದ್ದು ಅದನ್ನೇ ಅಲ್ಲವೇ ಎಂದು ಹೊಳೆದಾಗ ಅವನಿಗೆ ನಗು ಬಂತು. ಆಮೇಲೆ ನಗು ಬರಲಿಲ್ಲ. ಕಹಿ ಅನ್ನಬಾರದು ಎಂಬುದನ್ನು ಇವರ ತಲೆಗೆ ತುಂಬಿದವನು ತಾನು. ಬೇರೆ ಯಾರು ಹೇಳಿದರೂ ಇವರು ಬಿಡುವವರಲ್ಲ.

ಊಟ ಮುಗಿದು ಎಲ್ಲರೂ ಹಜಾರಕ್ಕೆ ಬಂದಾಗ ಚಿಕ್ಕಬಸಪ್ಪ ತಾನೇ ಹೋಗಿ ಕುರ್ಚಿಯಲ್ಲಿ ಕೂತ. ಗ್ಯಾಂಗು ಸುತ್ತ ನೆರೆಯಿತು. ಮೇಸ್ತ್ರಿಯ ಮುಖ ನೋಡುವುದಕ್ಕೆ ಎಲ್ಲರಿಗೂ ಆಸೆ. ಮಧುಶ್ರೀ ಮುಸುಕು ಇಳಿಸಿ, ಬಾಯಿಂದ ಉಸಿರಾಡಿ ಎಂದು ಹೇಳಿ, ಎರಚಿದಳು. ಅವನು ಎಷ್ಟೋ ವರ್ಷ ನುಂಗಿದ ರುಚಿ ನಾಲಗೆಯ ಮೇಲೆ ಇಳಿಯಿತು.

"ಕಹಿ ಕಣವ್ವ," ಅಂದ ಚಿಕ್ಕಬಸಪ್ಪ.

ಯಾರೂ ನಗಲಿಲ್ಲ. ಕಾಂತರಾಜುವಿನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ತೆರೆದ ಬಾಯಿ ಮುಚ್ಚಲು ಅವನಿಗೆ ತಿಳಿದದ್ದು ಒಂದೇ ದಾರಿ, ಮಾತು.

"ಅಲ್ಲಿಗೆ ಬೆಲ್ಲದ ಬಸಪ್ಪ ಅಂತಾಯ್ತು," ಅಂದ.

ಮಾದೇವ ಅಷ್ಟು ಖುಷಿಯಿಂದ ನಕ್ಕದ್ದನ್ನು ಯಾರೂ ನೋಡಿರಲಿಲ್ಲ. ಚಿಕ್ಕಬಸಪ್ಪ ಮುಸುಕು ತೆಗೆಸಿ, ಬಾಯಿ ತೊಳೆದುಕೊಂಡು, ಅವರ ಕಡೆ ತಿರುಗಿದ. ಬ್ಯಾರನ್ನಿನೊಳಗೆ ನಿಂತು ಬೆಳಕು ಹುಡುಕುವುದನ್ನು ಹೇಳಿದ. ಸೊಪ್ಪು ಬೆಳೆದ ಮನೆಯವರೇ ಎಲ್ಲ. ಹೆಚ್ಚು ಬಿಡಿಸಿ ಹೇಳಬೇಕಾಗಲಿಲ್ಲ. ಮಾಸ್ಕೇ ಬ್ಯಾರನ್ನು, ಕಹಿಯೇ ಬೆಳಕು, ಒಳಗೆ ನಿಂತವನು ಕೂಗಿ ಹೇಳದಿದ್ದರೆ ಹೊರಗೆ ಮಣ್ಣು ಮೆತ್ತುವವರಿಗೆ ಬಿರುಕು ಎಲ್ಲಿ ಗೊತ್ತಾಗಬೇಕು ಅಂದ. ಅವನು ಅಷ್ಟು ಉದ್ದ ಮಾತಾಡಿದ್ದೇ ಅಪರೂಪ.

ಆಮೇಲೆ ಮಾಸ್ಕ್. ಮಧುಶ್ರೀ ನಡು ಅಳತೆಯದನ್ನು ಕೊಟ್ಟು, ಪಟ್ಟಿ ಬಿಗಿದು, ಮೇಲೆ ಮುಸುಕು ಇಳಿಸಿ, ಈ ಸಲ ಇನ್ನೂ ಗಟ್ಟಿಯಾದ ಕಹಿ ನೀರು ಎರಚಿದಳು. ಸುಮ್ಮನೆ ಉಸಿರಾಡಿ ಅಂದಳು, ಆಡಿದ. ಎಳೆದು ಉಸಿರಾಡಿ ಅಂದಳು. ತಲೆ ಆ ಕಡೆ ಈ ಕಡೆ ತಿರುಗಿಸಿ, ಮೇಲೆ ಕೆಳಗೆ ನೋಡಿ. ಏನೂ ಇಲ್ಲ, ಬರೀ ರಬ್ಬರಿನ ವಾಸನೆ. ಮುಂದಿನದು ಮಾತಾಡುವುದು. ಬೇರೆಯವರಿಗಾದರೆ ಓದಲು ಒಂದು ಹಾಳೆ ಇತ್ತು. ಅಪ್ಪನಿಗೆ ಅಕ್ಷರ ಕೂಡಿಸಿ ಓದುವುದು ಕಷ್ಟ ಎಂದು ಅವಳಿಗೆ ಗೊತ್ತು. ಹಾಳೆಯನ್ನು ಎತ್ತಲೇ ಇಲ್ಲ. ನಿಲ್ಲಿಸದೆ ಏನಾದರೂ ಹೇಳುತ್ತಿರಿ ಅಂದಳು.

ಅವನು ತನ್ನ ಜೊತೆ ಧೂಳುಮನೆಯಲ್ಲಿ ದುಡಿದವರ ಹೆಸರು ಹೇಳತೊಡಗಿದ. ತಾನು ಸೇರಿದಾಗ ಇದ್ದ ಹನಗೋಡಿನ ನಂಜಪ್ಪ. ಹೊಸ ಅಗ್ರಹಾರದ ಕೆಂಪಯ್ಯ. ಬಾಗಿಲು ಗುಡಿಸುತ್ತಿದ್ದ ಕುಳ್ಳಮ್ಮ. ಮಾಸ್ಕಿನೊಳಗಿಂದ ದನಿ ಡೋಲಿನೊಳಗಿಂದ ಬಂದ ಹಾಗೆ ಬರುತ್ತಿತ್ತು. ಗ್ಯಾಂಗಿನವರು ಒಬ್ಬೊಬ್ಬರಾಗಿ ಕಿವಿಗೊಟ್ಟು ಹತ್ತಿರ ಸರಿದರು. ಅವನು ಹೇಳುತ್ತಿದ್ದವರಲ್ಲಿ ಕೆಲವರು ಊರಲ್ಲಿ ಇದ್ದರು, ಬಹಳ ಜನ ಇರಲಿಲ್ಲ. ನಂಜಪ್ಪನ ಕೆಮ್ಮು ಕೊನೆಕೊನೆಗೆ ಗೇಟಿನವರೆಗೂ ಕೇಳುತ್ತಿತ್ತು. ಅದನ್ನು ಕೇಳಿದವರು ಈಗ ಇಲ್ಲಿ ಮೂರು ನಾಲ್ಕು ಮಂದಿ ಇದ್ದರೆ ಹೆಚ್ಚು. ಮಲ್ಲಪ್ಪ ಎಂದು ಬಾಯಿ ಅಗಲಿಸಿದಾಗ ದವಡೆಯ ಬಲಗಡೆ ಎಲ್ಲೋ ತಣ್ಣಗೆ ಗಾಳಿ ಆಡಿದ ಹಾಗಾಯಿತು. ಅಲ್ಲಿ ಅವನ ದವಡೆಹಲ್ಲು ಬಿದ್ದು ಕೆನ್ನೆ ಒಳಗೆ ಹೋಗಿತ್ತು. ಹಿಂದೆಯೇ ಕಹಿ ಬಂತು.

ಬಲು ಸಣ್ಣ ಕಹಿ. ಹೇಳದಿದ್ದರೆ ಯಾರಿಗೂ ಗೊತ್ತಾಗುವಂಥದ್ದಲ್ಲ. ಮೇಸ್ತ್ರಿ ಮೊದಲನೆಯ ಸಲಕ್ಕೇ ಗೆದ್ದ ಅನ್ನಿಸಿಕೊಂಡು ಎದ್ದುಬಿಡಬಹುದಿತ್ತು. ಹೇಳುತ್ತಿದ್ದ ಹೆಸರನ್ನು ಅರ್ಧಕ್ಕೇ ಬಿಟ್ಟು ಅವನು ಕೈ ಎತ್ತಿದ.

"ಬಿಟ್ಕತಾ ಅದೆ ಕಣವ್ವ. ಇಲ್ಲಿ, ಬಲಗಡೆ."

ಮಧುಶ್ರೀ ಮುಖದಲ್ಲಿ ಏನೂ ತೋರಗೊಡದೆ ಮುಸುಕು ತೆಗೆದಳು. ಬಾಯಿ ತೊಳೆಸಿ, ಸ್ವಲ್ಪ ಹೊತ್ತು ಬಿಟ್ಟು, ಸಣ್ಣ ಅಳತೆಯ ಮಾಸ್ಕ್ ಹಾಕಿಸಿದಳು. ಬೆರಳಿನಿಂದ ಅಪ್ಪನ ಕೆನ್ನೆಯ ಗುಳಿಯ ಮೇಲೆ ರಬ್ಬರ್ ಒತ್ತಿ ಕೂರಿಸಿದಳು. ಮತ್ತೆ ಮೊದಲಿನಿಂದ ಎಲ್ಲ. ಉಸಿರು, ತಲೆ, ಮತ್ತೆ ಹೆಸರುಗಳು. ನಂಜಪ್ಪ, ಕೆಂಪಯ್ಯ, ಕುಳ್ಳಮ್ಮ, ಮಲ್ಲಪ್ಪ. ಈ ಸಲ ಎಲ್ಲಿಯೂ ನಿಲ್ಲಲಿಲ್ಲ. ಹೋದವರೆಲ್ಲ ಮುಗಿದು ಇದ್ದವರ ಹೆಸರಿಗೆ ಬಂದ. ಪುಟ್ಟಸ್ವಾಮಿ ಎಂದು ಕರೆದಾಗ ಪುಟ್ಟಸ್ವಾಮಿ ಅರಿವಿಲ್ಲದೆ ಹೂಂ ಅಂದ. ಮಾದೇವ ಅಂದ, ಹಿಂದೆ ಬೆಲ್ಲ ಸೇರಿಸಲಿಲ್ಲ. ಕಾಂತರಾಜು ಅಂದ. ಮಗಳು ಸಾಕು ಎಂದು ಕೈ ಮಾಡಿದಳು. ಕಹಿ ಬಂದಿರಲಿಲ್ಲ.

"ಕಾಂತರಾಜಣ್ಣ, ಬನ್ನಿ. ಬೆಳಿಗ್ಗೆದು ಲೆಕ್ಕಕ್ಕಿಲ್ಲ, ಮೊದಲಿಂದ ಮಾಡೋಣ," ಅಂದಳು.

ಕಾಂತರಾಜು ಕುರ್ಚಿಗೆ ಬಂದು ಕೂತು, ಮುಸುಕು ಇಳಿಯುವ ಮೊದಲೇ ಮೇಸ್ತ್ರಿಯ ಕಡೆ ಒಂದು ಸಲ ನೋಡಿದ. ಒಂದು ಸಲ ಎರಚುತ್ತಲೇ, ಅಯ್ಯಪ್ಪ ಕಹಿ ಕಣವ್ವ, ಬೆಳಿಗ್ಗೆನೂ ಇದೇ ಕಹಿ ಅಂದುಬಿಟ್ಟ. ಆಗ ಹಜಾರ ನಕ್ಕದ್ದು ಬೆಳಗಿನ ನಗುವಲ್ಲ. ಅದಾದ ಮೇಲೆ ಸರಸರನೆ ನಡೆಯಿತು. ಕೆಲವರಿಗೆ ಮೊದಲನೆಯ ಮಾಸ್ಕೇ ಕೂತಿತು. ಕೆಲವರಿಗೆ ತಲೆ ತಿರುಗಿಸಿದಾಗ ಬಿಟ್ಟಿತು, ಬಗ್ಗಿದಾಗ ಬಿಟ್ಟಿತು. ಬಿಟ್ಟಾಗ ಕೈ ಎತ್ತಿದರು, ಜಾಗ ತೋರಿಸಿದರು. ಪುಟ್ಟಸ್ವಾಮಿಗೆ ಯಾವ ಅಳತೆಯೂ ಕೂರದೆ, ಅವನ ಅಗಲ ಮುಖಕ್ಕೆ ಬೇರೆ ಜಾತಿಯ ಮಾಸ್ಕ್ ತರಿಸುವವರೆಗೆ ಅವನು ಹೊರಗೆ ಚೀಲ ಹೊಲಿಯಲಿ ಎಂದಾಯಿತು. ಅವನು ಮುಖ ಸಣ್ಣ ಮಾಡಿಕೊಂಡಾಗ ಮಾದೇವ, ನಿನ್ ಮುಖಕ್ಕೆ ಬ್ಯಾರನ್ ಬಾಗ್ಲೇ ಬೇಕು ಕಣ್ಲಾ ಅಂದು ನಗಿಸಿದ.

ಸಂಜೆ ಸೋಮಶೇಖರ್ ಬಂದ. ಮಧುಶ್ರೀ ಸೈನ್ ಮಾಡಿದ್ದನ್ನು ಅವನ ಕೈಗೆ ಕೊಟ್ಟಳು. ಪುಟ್ಟಸ್ವಾಮಿಯ ವಿಷಯವನ್ನೂ ಮುಚ್ಚದೆ ಹೇಳಿದಳು. ಅವನು ಓದಿ, ಬೆಳಿಗ್ಗೆ ನಾನು ಹೇಳಿದ ಹಾಗೆ ಬರೆದಿದ್ದರೆ ಎಂದು ಏನೋ ಶುರುಮಾಡಿ, ಅರ್ಧಕ್ಕೆ ನಿಲ್ಲಿಸಿ, ಒಳ್ಳೆಯದಾಯಿತು ಮೇಡಂ ಅಂದ. ಮೇಡಂ ಅಂದದ್ದನ್ನು ಚಿಕ್ಕಬಸಪ್ಪ ಕೇಳಿಸಿಕೊಂಡ. ಗ್ಯಾಂಗೂ ಕೇಳಿಸಿಕೊಂಡಿತು.

ಸಾಮಾನು ಕಟ್ಟುವಾಗ ಮಗಳನ್ನು ಕೇಳಿದ, ನಾಳೆ ಎಲ್ಲಿಗೆ ಎಂದು. ಪಿರಿಯಾಪಟ್ಟಣದ ಹತ್ತಿರ ಒಂದು ಗೋಡೌನು, ಅಲ್ಲಿಯೂ ಹೊಗೆಸೊಪ್ಪೇ ಅಂದಳು.

"ಅಲ್ಲೂ ಯಾವನೂ ಕಹಿ ಅನ್ನಕಿಲ್ಲ," ಅಂದ ಅವನು.

"ಗೊತ್ತಪ್ಪ."

"ನಾನೂ ಬತ್ತೀನಿ. ರಜ ಹೇಳ್ಬುಟ್ಟೆ."

ಮನೆಯಲ್ಲಿ ಮದುವೆ, ಸಾವು ಎಂದಲ್ಲದೆ ಅವನು ರಜ ಹಾಕಿದವನಲ್ಲ. ಮಾರನೆಯ ದಿನ ಮಗಳ ಸ್ಕೂಟರಿನ ಹಿಂದೆ ಸಾಮಾನಿನ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಹೋದ. ಗೋಡೌನಿನಲ್ಲಿ ನುಣ್ಣಗೆ ಗಡ್ಡ ಬೋಳಿಸಿದ, ಗುರುತಿಲ್ಲದ ಮುಖಗಳು ಸಾಲಾಗಿ ನಿಂತಿದ್ದವು, ಕೈಕಟ್ಟಿಕೊಂಡು. ಇವರಲ್ಲಿ ಯಾರು ಮೇಸ್ತ್ರಿ ಎಂದು ಅವನಿಗೆ ನೋಡಿದ ಕೂಡಲೇ ಗೊತ್ತಾಯಿತು. ಮಧುಶ್ರೀ ನಿನ್ನೆ ಹೇಳಿದ್ದನ್ನೇ ನಿನ್ನೆಯಷ್ಟೇ ನಿಧಾನವಾಗಿ ಹೇಳಿ ಮುಗಿಸಿದಳು. ಮೊದಲು ಯಾರು ಎಂದು ಕೇಳಿದಳು. ಯಾರೂ ಮುಂದೆ ಬರಲಿಲ್ಲ. ಚಿಕ್ಕಬಸಪ್ಪ ಹೋಗಿ ಕೂತ.

ನೀವು ಯಾವ ಸೆಕ್ಷನ್ನಿನವರು, ಇಲ್ಲಿ ನೋಡಿದ ಹಾಗಿಲ್ಲವಲ್ಲ ಎಂದು ಆ ಮೇಸ್ತ್ರಿ ಕೇಳಿದ.

"ಹುಣಸೂರು ಕಡೆ ಧೂಳುಮನೆ ಮೇಸ್ತ್ರಿ ಕಣ್ರೀ. ಈ ಮೇಡಮ್ಮೋರು ನನ್ ಮಗಳು," ಅಂದು, ಮುಸುಕನ್ನು ತಾನೇ ತಲೆಯ ಮೇಲೆ ಎಳೆದುಕೊಂಡ.